ಹೊಳೆ ಹಿಡಿದ ಕುರ್ಚಿಗಳು

ಎಲ್ಲ ಸುರುವಾದದ್ದು ನೆಕ್ಕಿಲಾಡಿಯ ತಿರುವಿನಲ್ಲಿ ಮಗುಚಿ ಬಿದ್ದ ಒಂದು ಮರದ ಲಾರಿಯಿಂದ. ಎರಡು ದಿನದಿಂದ ಉಪ್ಪಿನಂಗಡಿಯ ಹೆದ್ದಾರಿಯಲ್ಲಿ ವಾಹನಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿ ನಿಂತಿದ್ದವು. ಅತ್ತ ಹೋಗುವುದಿಲ್ಲ, ಇತ್ತ ಬರುವುದಿಲ್ಲ.

ಆಲಂಕಾರಿನ ಶೀನಪ್ಪನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಆಗುತ್ತಿತ್ತು. ಮಡಚುವ ಕಬ್ಬಿಣದ ಕುರ್ಚಿ ನೂರೈವತ್ತು ತಂದು ಬಾಡಿಗೆಯ ಅಂಗಡಿ ಇಟ್ಟಿದ್ದ ಪಾಪದವ. ಮೊದಲ ದೊಡ್ಡ ಆರ್ಡರು ಇವತ್ತೇ: ಉಪ್ಪಿನಂಗಡಿಯಲ್ಲಿ ರಸ್ತೆ ಹೋರಾಟ ಸಮಿತಿಯ ಸಭೆ, ಮೂರು ಗಂಟೆಗೆ. ಮಂತ್ರಿಗಳೇ ಬಂದು ರಸ್ತೆ ಅಗಲ ಮಾಡುವ ಮಾತು ಕೊಡುವವರಿದ್ದರು. ಕುರ್ಚಿ ತಪ್ಪಿದರೆ ಸಮಿತಿಯ ಕಾರ್ಯದರ್ಶಿ ಕೃಷ್ಣಮೋಹನ ಇನ್ನು ಮುಂದಿನ ಕಾರ್ಯಕ್ರಮವನ್ನೆಲ್ಲ ಕುರ್ಚಿ ಬಾಡಿಗೆಯ ಇನ್ನೊಬ್ಬ, ಸಮದನ ಅಂಗಡಿಗೆ ಕೊಡುವುದು ಖಂಡಿತ.

"ರಸ್ತೆ ಇಲ್ಲದಿದ್ರೆ ಎಂತಾಯ್ತು ಶೀನಪ್ಪಣ್ಣ, ಹೊಳೆ ಉಂಟಲ್ಲ!" ಎಂದ ಶಾಂತಿಮೊಗರು ಕಡವಿನಲ್ಲಿ ದೋಣಿ ನಡೆಸುವ ಅದ್ದು. "ನನ್ನ ಅಜ್ಜ ಹಂಚು, ಉಪ್ಪು ಎಲ್ಲ ಸಾಗಿಸಿದ್ದು ಇದೇ ಕುಮಾರಧಾರೆಯಲ್ಲಿ. ಎರಡು ಗಂಟೆಯ ದಾರಿ."

ಹತ್ತು ಗಂಟೆಗೆ ಕುರ್ಚಿ ಏರಿತು, ದೋಣಿ ಹೊರಟಿತು. ಶೀನಪ್ಪನಿಗೆ ಜೀವ ಬಂತು.

ಆದರೆ ಬಸ್ಸಿನಲ್ಲಿ ಹೋಗುವವನನ್ನು ಯಾರೂ ಕರೆಯುವುದಿಲ್ಲ. ಹೊಳೆಯಲ್ಲಿ ಹೋಗುವವ ಎಲ್ಲರ ಅಂಗಳದಲ್ಲೇ ಹೋದ ಹಾಗೆ. ಮೊದಲ ತಿರುವಿನಲ್ಲೇ ದೊಡ್ಡಮ್ಮನ ಮಗಳು ಹರಿಣಾಕ್ಷಿ ಬಟ್ಟೆ ಒಗೆಯುವ ಕಲ್ಲಿನಿಂದ ಕೂಗಿದಳು. "ಶೀನಣ್ಣಾ! ಮನೆ ಎದುರಿಂದ ಬೆಲ್ಲ ನೀರು ಕುಡಿಯದೆ ಹೋಗುದಾ?"

"ಅರ್ಜೆಂಟು ಮಾರಾಯ್ತಿ, ಮಂತ್ರಿಗಳು!"

"ಮಂತ್ರಿ ಬಂದದ್ದೇ ತಂಗಿ ಬೇಡವಾದಳಾ?"

ಇಳಿಯಲೇಬೇಕಾಯಿತು. ಬೆಲ್ಲ ಕಚ್ಚಿ, ನೀರು ಕುಡಿದು, ಅವಳ ಮೊಣಕಾಲು ನೋವಿನ ಕತೆ ಕೇಳಿ ಬರುವಾಗ ಅವಳ ಗಂಡ ದೋಣಿಯಲ್ಲಿ ಕುರ್ಚಿ ಬಿಡಿಸಿ ಕೂತಾಗಿತ್ತು. "ಇಷ್ಟು ಚಂದದ ಕುರ್ಚಿ ಖಾಲಿ ಹೋಗುದು ಯಾಕೆ ಭಾವ? ನಾನೂ ಸಭೆಗೆ ಬರ್ತೇನೆ."

ದೋಣಿ ನಿಲ್ಲುವ ಮುಂದಿನ ದಕ್ಕೆಯಲ್ಲಿ ಮಾವ, ಅದರಾಚೆ ಹೆಂಡತಿಯ ಚಿಕ್ಕಪ್ಪ. ಎಲ್ಲ ಕಡೆ ಬೆಲ್ಲ, ಎಲ್ಲ ಕಡೆ ನೀರು, ಎಲ್ಲ ಕಡೆಯಿಂದ ಇಬ್ಬರು ಮೂವರು ಹತ್ತಿ ಕುರ್ಚಿ ಬಿಡಿಸುವುದು. ಶೀನಪ್ಪ ವಾಚು ನೋಡುವುದು, ಹಣೆ ಚಚ್ಚುವುದು. "ಬೇಗ ಅದ್ದು, ಬೇಗ!"

"ನಾನು ಹುಟ್ಟು ಹಾಕ್ಲಾ, ನಿಮ್ಮ ನೆಂಟರನ್ನು ಲೆಕ್ಕ ಹಾಕ್ಲಾ?" ಎಂದ ಅದ್ದು.

ಮೂರಕ್ಕೆ ಐದು ನಿಮಿಷ ಇರುವಾಗ ಉಪ್ಪಿನಂಗಡಿಯ ಸೇತುವೆ ಕಂಡಿತು. ಅಬ್ಬಬ್ಬ, ಅದರ ಮೇಲೆ ಏನು ಜನ! ಬಿದ್ದ ಲಾರಿಯನ್ನು ಬೆಳಿಗ್ಗೆಯೇ ಎಬ್ಬಿಸಿ ರಸ್ತೆ ಬಿಡಿಸಿದ್ದರಂತೆ. ಈಗ ಬಸ್ಸು, ಲಾರಿ, ಜೀಪು ಎಲ್ಲ ನಿಂತದ್ದು, ಕುರ್ಚಿಯಲ್ಲಿ ಕೂತುಕೊಂಡು ಹೊಳೆಯಲ್ಲಿ ಬರುವ ಸಭಿಕರನ್ನು ನೋಡಲಿಕ್ಕೆ. ಆ ಜಾಮಿನ ನಡುವೆ ಮಂತ್ರಿಗಳ ಕಾರೂ ಸಿಕ್ಕಿಬಿದ್ದಿತ್ತು. ಅವರೂ ಇಳಿದು ಕಟ್ಟೆಗೆ ಒರಗಿ ನೋಡುತ್ತಿದ್ದರು.

ಅಂತೂ ಕುರ್ಚಿ ಸಾಲಾಯಿತು, ಸಭೆ ತುಂಬಿತು. ಶೀನಪ್ಪ ಬೆವರು ಒರೆಸಿಕೊಂಡ. ಗೆದ್ದೆ!

ಮಂತ್ರಿಗಳು ಮೈಕು ಹಿಡಿದರು. "ರಸ್ತೆ ಅಗಲ ಮಾಡುತ್ತೇವೆ ಎಂದು ಹೇಳಲಿಕ್ಕೇ ಬಂದಿದ್ದೆ. ಆದರೆ ನನ್ನ ಕಣ್ಣು ತೆರೆಸಿದವರು ಈ ಶೀನಪ್ಪನವರು! ಜನ, ಸಾಮಾನು ಎಲ್ಲ ಹೊಳೆಯಲ್ಲೇ ಬರುವಾಗ ನಿಮಗೆ ರಸ್ತೆ ಯಾಕೆ? ಆ ಹಣವನ್ನು ಹೊಳೆಯಿಲ್ಲದ ಊರಿಗೆ ಕೊಡುತ್ತೇನೆ." ತಮ್ಮ ಕೊರಳಿನ ಹಾರ ತೆಗೆದು ಶೀನಪ್ಪನಿಗೇ ಹಾಕಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಸಭೆ ಮುಗಿದದ್ದೇ ಶೀನಪ್ಪ ಹೊಳೆಬದಿಗೆ ಓಡಿದ. ಅದ್ದು ಬಿದಿರಿನ ಜಲ್ಲೆ ಊರಿ ಖಾಲಿ ದೋಣಿ ಹೊರಡಿಸುತ್ತಿದ್ದ. "ಕುರ್ಚಿ ವಾಪಸು ಬರುದಿಲ್ಲ ಶೀನಪ್ಪಣ್ಣ. ನೀರಿಗೆ ಎದುರು ನಾನೊಬ್ಬ ಹೋಗುದೇ ಕಷ್ಟ. ಅಜ್ಜನೂ ಸಾಮಾನು ಕೆಳಗೆ ತಂದದ್ದು ಮಾತ್ರ ಹೇಳಿದ್ದು."

ಹಿಂದಿನಿಂದ ಕೃಷ್ಣಮೋಹನ ಬಂದ. ಮುಖ ಹುಳಿ ಮಾವಿನಕಾಯಿ ಕಚ್ಚಿದವನ ಹಾಗಿತ್ತು.

"ಬರುವ ಆದಿತ್ಯವಾರ ಇದೇ ಜಾಗದಲ್ಲಿ ಖಂಡನಾ ಸಭೆ ಉಂಟು," ಎಂದ.

ಶೀನಪ್ಪನ ಮುಖ ಅರಳಿತು. ಹೇಗೂ ಕುರ್ಚಿ ಇಲ್ಲೇ ಉಂಟಲ್ಲ! "ಮಂತ್ರಿಯನ್ನು ಖಂಡಿಸ್ಲಿಕ್ಕಾ? ಕುರ್ಚಿ ಎಷ್ಟು ಬೇಕು?"

"ನಿಮ್ಮನ್ನು ಖಂಡಿಸ್ಲಿಕ್ಕೆ ಮಾರಾಯ್ರೆ," ಎಂದ ಕೃಷ್ಣಮೋಹನ. "ಕುರ್ಚಿ ಸಮದನದ್ದು."