ಸ್ಕೂಟರಿಗೆ ಬಿ.ಪಿ. ನೋಡಿದ್ದು

ಮನುಷ್ಯ ತನ್ನ ಕೈಯಲ್ಲಿರುವ ಯಂತ್ರವನ್ನು ನಂಬುವಷ್ಟು ಎದುರಿಗೆ ನಿಂತ ಮನುಷ್ಯನನ್ನು ನಂಬುವುದಿಲ್ಲ. ಈ ಮಾತು ಹೊಳೆದ ದಿನ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು. ಕಟ್ಟು ಹಾಕಿಸಿ ಗೋಡೆಗೆ ತೂಗುಬಿಡುವ ಯೋಗ್ಯತೆಯ ಮಾತು ಎಂದು ಹೆಂಡತಿಗೆ ಓದಿ ಹೇಳಿದೆ. ಆಕೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತದೆ, “ಗ್ವಾಡಿ ಮ್ಯಾಲೆ ಜಾಗಾ ಇಲ್ರಿ, ಕ್ಯಾಲೆಂಡರ್ ಐತಿ. ಇಷ್ಟು ಶ್ಯಾಣ್ಯಾತನ ಮೊದಲ ಬಂದಿದ್ರ, ಆ ಸಾಬರ ಅಂಗಡಿ ಮುಂದ ಮಾರಿ ಮುಚ್ಕೊಂಡು ಹೋಗೂ ಪಾಳಿ ಬರತಿದ್ದಿಲ್ಲ” ಎಂದಳು. ಮಾತು ಗೋಡೆಗೆ ಏರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು. ‘ಒತ್ತಡ’ ಎಂಬ ಪಾಠವನ್ನು ಮೂವತ್ತೊಂದು ಸಲ, ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬಿಡಿಸಿ, ಕಲಿಸಿದ್ದೇನೆ. ಒತ್ತಡ ಅಳೆಯುವ ಒಂದು ಉಪಕರಣ ನಮ್ಮ ಶಾಲೆಯಲ್ಲಿ ಇಲ್ಲದಿರಲಿಲ್ಲ. ಅದು ಗಾಜಿನ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಹೆಡ್‌ಮಾಸ್ತರರ ಬಳಿ ಇತ್ತು, ಹೆಡ್‌ಮಾಸ್ತರರು ಸದಾ ಮೀಟಿಂಗಿನಲ್ಲಿ ಇರುತ್ತಿದ್ದರು. ಹೀಗಾಗಿ ಒತ್ತಡ ಅಳೆಯುವ ಮುಳ್ಳೊಂದು ನನ್ನ ಸ್ವಂತ ಕೈಗೆ ಬಂದದ್ದು ನಿವೃತ್ತಿಯಾದ ಮೇಲೆ, ಔಷಧಿ ಅಂಗಡಿಯಿಂದ, ಹೆಂಡತಿಯ ಬಿ.ಪಿ. ನೋಡುವ ನೆಪದಲ್ಲಿ. ಗಡಿಯಾರದಂಥ ಗುಂಡು ಮುಖ, ಒಂದು ರಬ್ಬರಿನ ಬಲ್ಬು, ಒಂದು ನಳಿಗೆ, ತೋಳಿಗೆ ಸುತ್ತುವ ಪಟ್ಟಿ, ಕಿವಿಗೆ ಹಾಕುವ ಕೊಳವೆ, ಇಷ್ಟೂ ಇಡಲು ಒಂದು ಡಬ್ಬಿ. ದಿನಾ ಮುಂಜಾನೆ ಹೆಂಡತಿಯ ತೋಳಿಗೆ ಪಟ್ಟಿ ಸುತ್ತಿ, ಕಣ್ಣು ಕಿರಿದು ಮಾಡಿ, “ಹೆಚ್ಚೈತಿ” ಎಂದು ಹೇಳುತ್ತಿದ್ದೆ. ಮನೆಯ ಸಾರಿಗೆ ಉಪ್ಪು ಕಡಿಮೆಯಾಯಿತು. ಆಮೇಲೆ ನಳಿಗೆಯನ್ನು ಬಲ್ಬಿನ ಕೊರಳಿಗೆ ಬಿಗಿಯಾಗಿ, ಅಂದವಾಗಿ ಸುತ್ತಿ ಡಬ್ಬಿಯಲ್ಲಿಡುತ್ತಿದ್ದೆ. ವಸ್ತುಗಳನ್ನು ಅಂದವಾಗಿ ಇಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇಲ್ಲ.

ಇನ್ನು ನನ್ನ ಸ್ಕೂಟರು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕುವ ಹಳೆಯ ಟೂ ಸ್ಟ್ರೋಕ್. ಸೂಡಿಯಲ್ಲಿ ನಮ್ಮದೊಂದು ತುಂಡು ಹೊಲವಿದೆ. ನಾನು ಹೊರಟರೆ ಹಿಂದಿನ ಹೊಗೆ ನೋಡಿ ಜನ “ಮಾಸ್ತರು ಹೊಲಕ್ಕ ಹೊಂಟ್ರು” ಎಂದು ದೂರದಿಂದಲೇ ತಿಳಿಯುತ್ತಿದ್ದರು. ಇಂಥ ಇಂಜಿನ್ನಿಗೆ ಒಂದು ದೊಡ್ಡ ರೋಗವುಂಟು. ಅದರ ಹೊಟ್ಟೆಯ ಎರಡೂ ಬದಿಗೆ ರಬ್ಬರಿನ ಸೀಲುಗಳಿರುತ್ತವೆ. ಅವು ಸವೆದು ಹೊರಗಿನ ಗಾಳಿ ಒಳಗೆ ನುಸುಳಿತೆಂದರೆ ಇಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ, ಆಕ್ಸಿಲೇಟರ್ ಬಿಟ್ಟರೂ ತಾನೇ ಒದರತೊಡಗುತ್ತದೆ. ಹಾಗೇ ಓಡಿಸಿದರೆ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆ ಗಾಳಿ ಎಲ್ಲಿಂದ ಸೋರುತ್ತದೆಂದು ಹುಡುಕುವುದು ಒಂದು ವಿದ್ಯೆ. ಅದನ್ನು ಬಲ್ಲವರು ನಮ್ಮ ಕಡೆ ಒಬ್ಬರೇ ಇದ್ದರು, ಬಸ್‌ಸ್ಟ್ಯಾಂಡಿನ ಹಿಂದಿನ ಮಕ್ತುಮಸಾಬರು. ರೋಣದಿಂದಲೂ ನರಗುಂದದಿಂದಲೂ ಜನ ಅವರ ಕಡೆ ಗಾಡಿ ತರುತ್ತಿದ್ದರು.

ಅವರ ಪದ್ಧತಿ ನೋಡುವಂಥದು. ಟ್ರ್ಯಾಕ್ಟರಿನ ಹಳೆಯ ಟ್ಯೂಬಿನಿಂದ ಕತ್ತರಿಸಿದ ದಪ್ಪ ರಬ್ಬರಿನ ತುಂಡುಗಳು, ತಗಡಿನ ಪಟ್ಟಿಗಳು ಒಂದು ತಂತಿಯ ಬಳೆಯಲ್ಲಿ ಪೋಣಿಸಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಅವುಗಳಿಂದ ಇಂಜಿನ್ನಿನ ಕಾರ್ಬೊರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ಮುಚ್ಚಿ ಬಿಗಿಯುತ್ತಿದ್ದರು. ಪ್ಲಗ್ಗಿನ ತೂತಿಗೆ ನಳಿಗೆ. ನಳಿಗೆಯ ಇನ್ನೊಂದು ತುದಿಗೆ, ಯಾವುದೋ ದವಾಖಾನೆಯವರು ಎಸೆದ ಬಿ.ಪಿ. ನೋಡುವ ಮುಳ್ಳು ಮತ್ತು ಬಲ್ಬು. ಶುರು ಮಾಡುವ ಮೊದಲು ನಳಿಗೆಯ ತುದಿಗೆ ತಮ್ಮ ಹೆಬ್ಬೆರಳು ಒತ್ತಿ ಹಿಡಿದು, ಬಲ್ಬು ಹಿಚುಕಿ, ಒಂದು ನಿಮಿಷ ಮುಳ್ಳನ್ನೇ ನೋಡುತ್ತಿದ್ದರು. ಇದು ಪೂಜೆಯ ಮೊದಲು ಗಂಟೆ ಬಾರಿಸಿದಂತೆ ಏನೋ ಒಂದು ರೂಢಿ ಎಂದು ನಾನು ತಿಳಿದಿದ್ದೆ. ಆಮೇಲೆ ನಳಿಗೆ ಜೋಡಿಸಿ, ಮುಳ್ಳನ್ನು ತುತ್ತತುದಿಯ ತನಕ ಏರಿಸಿ, ಎದುರಿನ ಹೋಟೆಲಿಗೆ ಕೈ ಎತ್ತುತ್ತಿದ್ದರು. ಚಹಾ ಬರುತ್ತಿತ್ತು. ಆ ಚಹಾ ಮುಗಿಯುವ ತನಕ ಮಕ್ತುಮಸಾಬರು ಮಾತಾಡುತ್ತಿರಲಿಲ್ಲ, ಬೇರೆ ಯಾರೂ ಮಾತಾಡಬಾರದು. ಗಾಡಿಯ ಮಾಲೀಕರು ಸುತ್ತ ನಿಂತು, ಗಂಡಿನವರು ಹೆಣ್ಣು ನೋಡುವಾಗ ಹುಡುಗಿಯ ಅಪ್ಪ ನಿಲ್ಲುವಂತೆ ನಿಲ್ಲುತ್ತಿದ್ದರು. ಕಪ್ಪು ಬರಿದಾದಾಗ ಮುಳ್ಳು ನಿಂತಲ್ಲೇ ನಿಂತಿದ್ದರೆ, “ಒಯ್ರಿ. ಉಸಿರು ಗಟ್ಟಿ ಐತಿ.” ಇಳಿದಿದ್ದರೆ ಸಾಬೂನಿನ ನೀರು, ಕುಂಚ, ಗುಳ್ಳೆ ಏಳುವ ಜಾಗದ ಹುಡುಕಾಟ.

ನನ್ನ ಗಾಡಿಗೂ ಅವರೇ ಹೊಸ ಸೀಲು ಹಾಕಿ, ಒಂದು ಪೂರ್ತಿ ಚಹಾ ಕುಡಿದು, ಉಸಿರು ಗಟ್ಟಿ ಇದೆ ಎಂದು ಕೊಟ್ಟರು. ತಿಂಗಳೊಪ್ಪತ್ತು ಚೆನ್ನಾಗಿಯೇ ಇತ್ತು. ಒಂದು ಮುಂಜಾನೆ ಸೂಡಿಯ ಹತ್ತಿರ ಬರುವಾಗ ಕೈ ಬಿಟ್ಟರೂ ಇಂಜಿನ್ನು ಇಳಿಯಲಿಲ್ಲ, ಒದರತೊಡಗಿತು. ಬೇರೆಯವನಾಗಿದ್ದರೆ ನೇರ ಮಕ್ತುಮಸಾಬರ ಬಳಿಗೆ ಹೋಗುತ್ತಿದ್ದ. ನಾನು ವಿಜ್ಞಾನದ ಮಾಸ್ತರ, ಮೇಲಾಗಿ ಮನೆಯಲ್ಲಿ ಹೊಚ್ಚ ಹೊಸ ಉಪಕರಣವಿದೆ. ಪಡಸಾಲೆಯಲ್ಲಿ ಗಾಡಿ ನಿಲ್ಲಿಸಿ, ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ, ಬಾಯಿಗಳಿಗೆ ರಬ್ಬರು ಬಿಗಿದು, ಹೆಂಡತಿಯ ಬಿ.ಪಿ. ನಳಿಗೆಯನ್ನು ಪ್ಲಗ್ಗಿನ ತೂತಿಗೆ ಜೋಡಿಸಿದೆ. ಮುಳ್ಳು ಏರಿತು. ಮತ್ತೆ ಸಾವಕಾಶವಾಗಿ ಇಳಿಯಿತು. ಮತ್ತೆ ಏರಿಸಿದೆ. ಮತ್ತೆ ಇಳಿಯಿತು. ಹೆಂಡತಿ ಒಳಗಿನಿಂದ ಬಂದು ನೋಡಿ, “ಅದಕ್ಕೂ ಉಪ್ಪು ಬಿಡಸ್ತೀರೇನ್ರಿ?” ಎಂದಳು. ವಿಜ್ಞಾನ ನಡೆದಿತ್ತು. ಸಾಬೂನಿನ ನೀರು ಹಚ್ಚಿದೆ. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ. ಬುದ್ಧಿ ಇದ್ದವನು ಇಲ್ಲಿ ನಿಂತು ಯೋಚಿಸುತ್ತಿದ್ದ. ನಾನು, ಹೊರಗೆ ಗುಳ್ಳೆ ಇಲ್ಲವೆಂದ ಮೇಲೆ ಕಣ್ಣಿಗೆ ಕಾಣದ ಒಳಗಿನ ಸೀಲೇ ಸೋರುತ್ತಿದೆ, ಅಂದರೆ ಮಕ್ತುಮಸಾಬರ ಕೆಲಸವೇ ಕೆಟ್ಟಿದೆ ಎಂದು ತೀರ್ಪು ಬರೆದುಬಿಟ್ಟೆ.

ತೀರ್ಪು ಹೇಳಲು ಸಂತೆಯ ದಿನವೇ ಬೇಕಿತ್ತೆ? ಬೇಕಿರಲಿಲ್ಲ. ಆದರೆ ನಾನು ಗಾಡಿ ತಳ್ಳಿಕೊಂಡು ಹೋದದ್ದು ಸಂತೆಯ ದಿನ. ಅಂಗಡಿಯ ಮುಂದೆ ಏಳೆಂಟು ಜನ. ಚಿಕ್ಕನರಗುಂದದ ಗೌಡರೊಬ್ಬರು, ಬಾಗಿಲಲ್ಲೇ ಇದ್ದ ನರಗುಂದ ಬಿಟ್ಟು, ಹಳೆಯ ಸ್ಕೂಟರನ್ನು ಟೆಂಪೊದಲ್ಲಿ ಹೇರಿಕೊಂಡು ಇಷ್ಟು ದೂರ ಬಂದಿದ್ದರು. ನಾನು ಎಲ್ಲರಿಗೂ ಕೇಳುವಂತೆ, ಹಿಂದಿನ ಬೆಂಚಿಗೂ ಮುಟ್ಟಿಸಿ ರೂಢಿಯಾದ ದನಿಯಲ್ಲಿ, “ಸಾಬ್ರ, ನಿಮ್ಮ ಸೀಲ್ ಸೋರಾಕ ಹತ್ತ್ಯಾವ” ಎಂದೆ.

ಮಕ್ತುಮಸಾಬರು ಕೈ ಒರೆಸಿಕೊಂಡರು. “ಹಂಗ ಆಗಬಾರದಲ್ರಿ ಮಾಸ್ತರ್ರ. ನೋಡೂಣ ಬರ್ರಿ.”

ಅವರು ತಮ್ಮ ಉಪಕರಣ ಜೋಡಿಸಿದರು. ಹೆಬ್ಬೆರಳು, ಬಲ್ಬು, ಚಹಾ. ಕಪ್ಪು ಬರಿದಾಯಿತು. ಮುಳ್ಳು ಅಲುಗಲಿಲ್ಲ.

“ನಿಂತೈತಲ್ರಿ” ಎಂದರು, ನೆಮ್ಮದಿಯಿಂದ.

ಅಲ್ಲಿಗೆ ಬಿಟ್ಟಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. “ನಿಮ್ಮ ಮುಳ್ಳು ಜಂಗ್ ಹಿಡದದ್ದು, ಸಾಬ್ರ. ಏರುವಾಗ ಏರತೈತಿ, ಇಳಿಯುವಾಗ ಸಿಕ್ಕೊಂತೈತಿ. ನಂದು ಹೊಸಾದು. ಅದರಾಗ ಖರೇ ತೋರಿಸ್ತು” ಎಂದು, ಹಳೆಯ ಉಪಕರಣಗಳ ದೋಷದ ಬಗ್ಗೆ ಐದು ನಿಮಿಷ ಪಾಠ ಮಾಡಿದೆ.

“ನಿಮ್ಮದಕ್ಕ ಮೊದಲ ಹೆಬ್ಬಟ್ಟ ಹಚ್ಚಿ ನೋಡಿದ್ರ್ಯಾ?” ಎಂದು ಮಕ್ತುಮಸಾಬರು ಕೇಳಿದರು. ತಗಾದೆಯ ದನಿಯಲ್ಲ, ನೀರು ಕುಡಿದಿರಾ ಎಂದು ಕೇಳುವ ಹಾಗೆ.

“ಹೊಸಾದಕ್ಕ ಎದಕ್ಕ ನೋಡಬೇಕ್ರಿ? ಡಬ್ಬಿ ಸಮೇತ ಬಂದದ್ದು!”

ಸುತ್ತಲಿನವರು ನಕ್ಕರು. ಚಿಕ್ಕನರಗುಂದದ ಗೌಡರು ಟೆಂಪೊದವನ ಕಡೆ ತಿರುಗಿ, “ಗಾಡಿ ಹೇರಪಾ ಮತ್ತ. ಸಾಲಿ ಮಾಸ್ತರು ಸುಳ್ಳ ಹೇಳ್ತಾರೇನು? ನರಗುಂದದಾಗ ತೋರಸೂಣು” ಎಂದರು. ಮಕ್ತುಮಸಾಬರು ಅವರನ್ನು ತಡೆಯಲಿಲ್ಲ. ನನ್ನನ್ನು ನೋಡಿದರು, ತಮ್ಮ ಮುಳ್ಳನ್ನು ನೋಡಿದರು. “ನೀವು ಕಲಿತವರು. ನಂದು ದವಾಖಾನಿಯವರು ಒಗದದ್ದು. ಇಂಜಿನ್ ಬಿಚ್ಚತೀನಿ, ನಾಳೆ ಬರ್ರಿ” ಎಂದರು.

ಮರುದಿನ ಹೋದಾಗ ಇಂಜಿನ್ನು ಬಿಚ್ಚಿ ಹಾಸಿತ್ತು. ಎರಡು ಸೀಲುಗಳನ್ನು ಅವರು ಅಂಗೈಯಲ್ಲಿಟ್ಟು ತೋರಿಸಿದರು. ತೆಗೆಯುವಾಗ ಹೊರಗಿನ ತಗಡು ಬಾಗಿತ್ತು, ಸೀಲು ಒಮ್ಮೆ ತೆಗೆದರೆ ಮುಗಿಯಿತು. ಆದರೆ ಒಳತುಟಿ ಎಳೆಗರುವಿನ ಕಿವಿಯಷ್ಟು ಮೆತ್ತಗಿತ್ತು. “ಸೀಲ್ ಚಲೋ ಅದಾವ್ರಿ. ಕೂಡಿಸಿದ ಜಾಗಾನೂ ಸ್ವಚ್ಛ ಐತಿ. ಆದರೂ ಸೋರತಿದ್ವು ಅಂದ್ರ, ನನ್ನ ಕೈಯಾಗ ಏನೋ ತಪ್ಪೈತಿ. ಕಣ್ಣಿಗೆ ಕಾಣವಲ್ದು, ಅದಽ ಭಾಳ ಕೆಟ್ಟ” ಎಂದರು. ಇಂಜಿನ್ನಿನ ಭಾಗಗಳನ್ನು ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟರು. “ನರಗುಂದಕ್ಕ ಒಯ್ರಿ. ನಾ ಮತ್ತ ಕೂಡಿಸಿದ್ರ ಮತ್ತ ಹಂಗಽ ಆಗಬಹುದು.”

ನಾನು ಒಯ್ದೆ. ರೋಣದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ, ಚೀಲವನ್ನು ಕಾಲ ನಡುವೆ ಇಟ್ಟುಕೊಂಡು. ಕಂಡಕ್ಟರ್ “ಇದರಾಗ ಏನೈತ್ರಿ?” ಎಂದ. “ಇಂಜಿನ್” ಎಂದೆ. “ನಮ್ಮ ಬಸ್ಸಿಂದಲ್ಲಲ್ರಿ?” ಎಂದು ಕೇಳಿ ಖಾತ್ರಿ ಮಾಡಿಕೊಂಡ. ನರಗುಂದದ ಮಿಸ್ತ್ರಿ ಹೊಸ ಸೀಲು ಹಾಕಿ ಕೂಡಿಸಿದ. ಆತನ ಪದ್ಧತಿಯಲ್ಲಿ ಹೆಬ್ಬೆರಳಿಲ್ಲ, ಮುಳ್ಳಿಲ್ಲ, ಚಹಾ ಅಂತೂ ಇಲ್ಲವೇ ಇಲ್ಲ. ಇಂಜಿನ್ನನ್ನು ಗಾಡಿಗೆ ಏರಿಸಿಕೊಡಲು ಗಜೇಂದ್ರಗಡಕ್ಕೆ ನಮ್ಮ ಮನೆಗೆ ಬಂದವನು ಹ್ಯಾಂಡಲ್ ತಿರುವಿ ನೋಡಿ, “ಮಾಸ್ತರ್ರ, ಆಕ್ಸಿಲೇಟರ್ ವಾಯರು ಒಣಗಿ ಹಿಡ್ಕೊಂಡೈತಿ. ಅದಕ್ಕ ಗಾಡಿ ಒದರಿದ್ದು. ಎರಡ ಹನಿ ಎಣ್ಣಿ ಬಿಟ್ಟಿದ್ರ ಸಾಕಾಗಿತ್ತು” ಎಂದ.

ಎರಡು ಹನಿ ಎಣ್ಣೆ. ಆತ ಹೋದ ಮೇಲೆ ನಾನು ಒಳಗೆ ಹೋಗಿ ಡಬ್ಬಿ ತೆಗೆದೆ. ನಳಿಗೆಯ ತುದಿಗೆ ಹೆಬ್ಬೆರಳು ಒತ್ತಿ ಬಲ್ಬು ಹಿಚುಕಿದೆ. ಮುಳ್ಳು ಏರಿತು. ತುದಿಗೆ ಇಂಜಿನ್ನೇ ಇಲ್ಲ, ಬರೀ ನನ್ನ ಹೆಬ್ಬೆರಳು, ಆದರೂ ಸಾವಕಾಶವಾಗಿ ಇಳಿಯಿತು. ಬಲ್ಬಿನ ಕೊರಳಲ್ಲಿ, ನಾನು ದಿನಾ ನಳಿಗೆಯನ್ನು ಅಂದವಾಗಿ ಬಿಗಿದು ಸುತ್ತುತ್ತಿದ್ದ ಜಾಗದಲ್ಲಿ, ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಹೆಂಡತಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಅಂದ್ರ ಮೂರ ತಿಂಗಳ ನಾ ಸಪ್ಪನ ಸಾರು ಉಂಡದ್ದೂ ಇದರ ಮಾತು ಕೇಳೇನ?”

“ಇರಬಹುದು.”

“ಉಪ್ಪಿಂದು ಆಮ್ಯಾಲೆ ನೋಡ್ಕೋತೀನಿ. ಮೊದಲ ಎದ್ದು ಸಾಬರ ಹಂತ್ಯಾಕ ಹೋಗ್ರಿ. ನಾಕ ಮಂದ್ಯಾಗ ಅಂದದ್ದು, ನಾಕ ಮಂದ್ಯಾಗ ತಪ್ಪಾತು ಅನ್ರಿ.”

ಹೋಗಬೇಕಿತ್ತು. ಹೋಗುವವನೇ ಇದ್ದೆ. ಮೊದಲ ದಿನ ಬಿಸಿಲು ಬಹಳವಿತ್ತು. ಎರಡನೆಯ ದಿನ, ನಾಲ್ಕು ಜನರ ಮುಂದೆ ಹೇಳಬೇಕಾದ್ದರಿಂದ ಸಂತೆಯ ದಿನವೇ ಯೋಗ್ಯವೆಂದು ತೋರಿತು. ಸಂತೆಯ ದಿನ ಜನ ಬಹಳವಿದ್ದರು. ಹೀಗೆ ನಾನು ಮುಂದೂಡಿದ ಒಂದೊಂದು ದಿನಕ್ಕೂ ಒಂದೊಂದು ಶಾಸ್ತ್ರೀಯ ಕಾರಣವಿದೆ, ಕೇಳಿದರೆ ಕೊಡಬಲ್ಲೆ. ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸಿಯೂ ಓರೆಗಣ್ಣಿನಿಂದ ಅಂಗಡಿಯ ಗೋಡೆ ನೋಡುತ್ತಿದ್ದೆ. ಮೊಳೆಗೆ ರಬ್ಬರಿನ ತುಂಡುಗಳ ಬಳೆ ನೇತಾಡುತ್ತಿತ್ತು. ಅದು ಇರುವ ತನಕ ಏನೂ ಕೆಟ್ಟಿಲ್ಲ, ನಾಳೆ ಹೇಳಿದರೂ ನಡೆಯುತ್ತದೆ ಎಂದುಕೊಳ್ಳುತ್ತಿದ್ದೆ. ಎರಡು ತಿಂಗಳು ಅದು ನೇತಾಡಿತು. ಒಂದು ದಿನ ನೋಡಿದರೆ ಬರೀ ಮೊಳೆ.

ಅಂದು ಯಾವ ಕಾರಣವೂ ಹೊಳೆಯಲಿಲ್ಲ. ಒಳಗೆ ಹೋದೆ. ಮಕ್ತುಮಸಾಬರು ಬೋಗುಣಿಯ ನೀರಿನಲ್ಲಿ ಸೈಕಲ್ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದರು. “ಕುಂದರ್ರಿ ಮಾಸ್ತರ್ರ” ಎಂದರು. ಕೂಡಲಿಲ್ಲ, ನಿಂತೇ ಎಲ್ಲ ಹೇಳಿದೆ. ವಾಯರಿನದು, ಬಲ್ಬಿನ ಸೀಳಿನದು, ಹೆಬ್ಬೆರಳಿನದು. ಅಂಗಡಿಯಲ್ಲಿ ಇನ್ನಿಬ್ಬರಿದ್ದರು, ಅವರಿಗೂ ಕೇಳುವಂತೆ ಹೇಳಿದೆ. ಒಬ್ಬ ಮೊಬೈಲು ನೋಡುತ್ತಿದ್ದ, ಇನ್ನೊಬ್ಬನಿಗೆ ಟೂ ಸ್ಟ್ರೋಕ್ ಅಂದರೇನೆಂದು ಗೊತ್ತಿರಲಿಲ್ಲ.

ಮಕ್ತುಮಸಾಬರು ಟ್ಯೂಬನ್ನು ನೀರಿನಿಂದ ಎತ್ತಿ ಕೇಳಿದರು: “ಅಂದ್ರ ನನ್ನ ಸೀಲ್ ಬರೋಬರಿ ಇದ್ವು?”

“ಬರೋಬರಿ ಇದ್ವು.”

“ಕೈ?”

“ಕೈನೂ.”

ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಹಾಗೇನೂ ಮಾಡಲಿಲ್ಲ. ಟ್ಯೂಬು ಒರೆಸುತ್ತ, “ಸಾಲ್ಯಾಗ ಹುಡುಗರ ಉತ್ತರ ಸರಿ ಇದ್ದು, ನೀವು ತಪ್ಪಿ ಸೊನ್ನಿ ಕೊಟ್ಟಿದ್ರ, ಎಷ್ಟ ದಿನಕ್ಕ ತಿದ್ದತಿದ್ರಿ?” ಎಂದರು.

“ಮರುದಿನ.”

“ಹೂಂನ್ರಿ” ಎಂದರು.

“ಆ ರಬ್ಬರಿನ ಸಾಮಾನು ಎಲ್ಲಿ, ಸಾಬ್ರ?”

“ಗುಜರಿಯಾಂವ ಬಂದಿದ್ದ, ಹಾಕಿಬಿಟ್ಟೆ. ಆ ಮುಳ್ಳೂ ಅದರಾಗ ಹೋತು.”

“ಹೊಸಾದು ತಂದುಕೊಡತೀನಿ. ರಬ್ಬರು ಕತ್ತರಿಸಿಕೊಂಡ್ರಾತು.”

“ತರಬಹುದ್ರಿ. ಕತ್ತರಸಬಹುದು. ಆದ್ರ ಈ ಎರಡ ತಿಂಗಳದಾಗ ಗಾಡಿ ತಂದವರಿಗೆಲ್ಲ, ನನಗ ಬರೂದಿಲ್ಲ, ನರಗುಂದಕ್ಕ ಹೋಗ್ರಿ ಅಂತ ನನ್ನ ಬಾಯಿಲೆ ನಾನಽ ಹೇಳಿ ಕಳಿಸೀನಿ. ಹಳೇ ಗಾಡಿ ಇದ್ದವರು ಮೊದಲಽ ಎಷ್ಟ ಮಂದಿ? ಈಗ ಓಣಿ ಓಣಿ ತಿರುಗಿ, ಅಲ್ಲಪಾ, ನನಗ ಬರತೈತಿ ಅಂತ ಹ್ಯಾಂಗ ಹೇಳ್ಲಿ?” ಎಂದು ನಕ್ಕು, ಎದುರಿನ ಹೋಟೆಲಿಗೆ ಕೈ ಎತ್ತಿ ಎರಡು ಬೆರಳು ತೋರಿಸಿದರು. ಚಹಾ ಬಂತು. ಈ ಸಲ ಕುಡಿಯುವಾಗ ಅವರು ಮಾತಾಡುತ್ತಲೇ ಇದ್ದರು, ಮಳೆಯ ಬಗ್ಗೆ, ಬಸ್ಸಿನ ಬಗ್ಗೆ. ಮಾತಾಡದೆ ಕೂತವನು ನಾನು.

ಮಕ್ತುಮಸಾಬರು ಈಗ ಪಂಕ್ಚರ್ ಮಾತ್ರ ಹಾಕುತ್ತಾರೆ. ನರಗುಂದದಲ್ಲಿ ಹಾಕಿಸಿದ ನನ್ನ ಸೀಲುಗಳು ಸೋರುತ್ತವೆ.