ಸೋಮವಾರ ಮಣ್ಣು ಮುಟ್ಟದ ಕಬ್ಬಿಣ

ಶೇಂಗಾ ಹುರಿಯುವಾಗ ಬಂದ ಸುದ್ದಿಯನ್ನು ನಾನು ಎಂದೂ ಪೂರ್ತಿ ಕೇಳಿದವಳಲ್ಲ. ಒಂದು ಕಿವಿ ಫೋನಿಗೆ, ಇನ್ನೊಂದು ಬಾಣಲೆಗೆ. ಅಂಥ ಹೊತ್ತಿನಲ್ಲೇ ನನ್ನ ತಮ್ಮ ಶಿವಾನಂದ ಬೆಳಗಾವಿಯಿಂದ ಫೋನ್ ಮಾಡಿದ. ಅವನು ಅಲ್ಲಿ ಗಾಲ್ಫ್ ಆಡುವ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಾನೆ. "ಅಕ್ಕಾ, ಮಂಗಳವಾರ ಹುಡುಗ್ಯಾರನ್ನ ಆರಿಸಾಕ ತರಬೇತಿ ಸಾಹೇಬ್ರು ಬರಾಕತ್ತಾರ. ನಮ್ಮ ಗಿರಿಜಾನ ಹೆಸರೂ ಕೊಟ್ಟೇನಿ. ಆರಿಸಿದ್ರ ಇರೂದು, ಉಣ್ಣೂದು, ಕಲಿಯೂದು ಎಲ್ಲಾ ಅವರದ. ಆದ್ರ ಒಬ್ಬಾಕಿಗಷ್ಟ ಜಾಗಾ ಐತಿ. ಉದ್ದನ್ನ ಕಬ್ಬಿಣ ಕೈಯಾಗ ಕೊಟ್ಟ ನೋಡ್ತಾರಂತ." ನನ್ನ ತಲೆಗೆ ಹೋದದ್ದು ಕಬ್ಬಿಣ ಎಂಬುದೊಂದೇ. ಅಷ್ಟರಲ್ಲಿ ಶೇಂಗಾ ಒಂದು ಮಗ್ಗಲು ಕರ್ರಗಾಗಿತ್ತು. ಎರಡೂ ಮಗ್ಗಲು ಸೀಯಲಿಲ್ಲವಲ್ಲ, ಅದು ಬಸವಣ್ಣನ ದಯೆ ಎಂದುಕೊಂಡೆ.

ಗಿರಿಜಾ ನಮ್ಮ ಮಗಳು. ಸೂಟಿಯಲ್ಲಿ ಸೋದರಮಾವನ ಮನೆಗೆ ಹೋದವಳು ಈ ಗಾಲ್ಫಿನ ಹುಚ್ಚು ಹಚ್ಚಿಕೊಂಡು ಬಂದಳು. ಯಾರೋ ಬೇಡವೆಂದು ಬಿಟ್ಟ, ಕಬ್ಬಿಣದ ಮೋರೆಯ ಹಳೆಯ ಕೋಲುಗಳನ್ನು ಅವನು ಅವಳಿಗೆ ಕೊಟ್ಟಿದ್ದ. ನಮ್ಮವರಿಗೆ ಹಿಡಕಲ್ ಡ್ಯಾಮಿನಲ್ಲಿ ನೌಕರಿ. ಕ್ವಾರ್ಟರ್ಸಿನ ಹಿಂದೆ ನೀರು ಸರಿದ ಜಾಗದಲ್ಲಿ ಬೇಸಗೆಗೆ ಮೆತ್ತನೆಯ ಹುಲ್ಲು ಹಬ್ಬುತ್ತದೆ. ಅದೇ ಅವಳ ಮೈದಾನ. ನನಗೋ ಕಂಡದ್ದನ್ನೆಲ್ಲ ಕೇಳುವ ಚಟ. "ಕಬ್ಬಿಣದಾಗೂ ಉದ್ದಂದು ಗಿಡ್ಡಂದು ಅಂತ ಯಾಕ ಬೇಕವ್ವಾ?" ಎಂದೆ. ಅವಳು ಎರಡನ್ನೂ ತಂದು ತೋರಿಸಿದಳು. ಗಿಡ್ಡ ಕೋಲಿನ ಮೋರೆ ಆಕಾಶ ನೋಡುತ್ತ ಒರಗಿರುತ್ತದೆ, ತಾಗಿದ ಚೆಂಡು ತಾನಾಗಿ ಮೇಲೇಳುತ್ತದೆ. ಉದ್ದನೆಯದು ಚೆಂಡನ್ನು ದೂರ ಕಳಿಸಬೇಕಾದದ್ದು, ಅದರ ಮೋರೆ ಗೋಡೆಯ ಹಾಗೆ ನೆಟ್ಟಗೆ.

"ಮತ್ತ ಇದರಿಂದ ಚೆಂಡ ಏಳೂದು ಹೆಂಗ?"

"ಅದ ನನಗೂ ತಿಳೀವಲ್ದವ್ವಾ."

ತಿಳಿಯದ್ದಕ್ಕೇ ಅವಳು ಚೆಂಡನ್ನು ಅಡಿಯಿಂದ ಎತ್ತಲು ಹೋಗುತ್ತಿದ್ದಳು. ಕಬ್ಬಿಣ ಚೆಂಡಿನ ಹಿಂದೆಯೇ ನೆಲಕ್ಕೆ ಬಿದ್ದು, ಹೆಂಟೆ ಹಾರುತ್ತಿತ್ತು. ಚೆಂಡು ಮಾತ್ರ ಮುನಿಸಿಕೊಂಡ ಬೀಗಿತ್ತಿಯ ಹಾಗೆ ಕೂತಲ್ಲಿಂದ ಏಳುತ್ತಿರಲಿಲ್ಲ. "ಎತ್ತಬ್ಯಾಡ, ಸಾವಕಾಶ ಬೀಸು" ಎಂದು ಮಾವ ಫೋನಿನಲ್ಲಿ ಹೇಳಿದಷ್ಟೂ ಇವಳು ಸಿಟ್ಟಿನಿಂದ ಬಡಿಯುತ್ತಿದ್ದಳು. ಮೈದಾನ ಬಾವಿ ತೋಡಲು ಗುರುತು ಹಾಕಿದಂತಾಗಿತ್ತು.

ಹೀಗಿರುವಾಗ ಸೋಮವಾರ ಬಂತು. ನನ್ನ ತವರು ತುಕ್ಕಾನಟ್ಟಿ. ಸೋಮವಾರ ಬಸವಣ್ಣನ ದಿನ. ಅಂದು ಎತ್ತು ಹೂಡುವುದಿಲ್ಲ, ಭೂಮಿಗೆ ಕಬ್ಬಿಣ ತಾಗಿಸುವುದಿಲ್ಲ. ಈಗ ನಮ್ಮಲ್ಲಿ ಎತ್ತೂ ಇಲ್ಲ, ಹೊಲವೂ ಇಲ್ಲ. ಸೋಮವಾರ ಮಾತ್ರ ವಾರಕ್ಕೊಮ್ಮೆ ಬಂದೇ ಬರುತ್ತದೆ. ಲಿಂಗಪೂಜೆ ಮುಗಿಸಿ ಎದ್ದರೆ ಮಗಳು ಕೋಲು ಹಿಡಿದು ಹೊರಟಿದ್ದಳು.

"ಇವತ್ತ ನೆಲಕ್ಕ ಕಬ್ಬಿಣ ಹಚ್ಚಬ್ಯಾಡ."

"ಅವ್ವಾ, ನಾಳೆ ಆರಿಸೂದೈತಿ. ಇವತ್ತ ಬಿಡು ಅಂದ್ರ ಹೆಂಗ?"

"ಚೆಂಡಿಗೆ ಬಡಿ, ಯಾರ ಬ್ಯಾಡಂದ್ರು? ಮಣ್ಣ ಮುಟ್ಟಬ್ಯಾಡ."

"ನಾ ಏನ ಬೇಕಂತ ಮುಟ್ಟತೇನೇನು?" ಅವಳ ಕಣ್ಣಲ್ಲಿ ನೀರು.

ನಮ್ಮವರು ಚಹಾದ ಬಟ್ಟಲು ಕೆಳಗಿಟ್ಟು, "ನಿನ್ನ ತಮ್ಮನ ಮಷಿನ್ನಿಗೂ ಸೋಮವಾರ ಸೂಟಿ ಕೊಟ್ಟಾರೇನು?" ಎಂದರು.

"ಅದು ಹುಲ್ಲ ಕತ್ತರಸತೈತಿ, ನೆಲ ಅಗಿಯಂಗಿಲ್ರಿ" ಎಂದೆ.

ಮಗಳನ್ನು ತಡೆಯಲು ಮನಸ್ಸಾಗಲಿಲ್ಲ, ವ್ರತ ಬಿಡಲೂ ಆಗಲಿಲ್ಲ. ಮೆಣಸಿನಕಾಯಿ ತೊಟ್ಟು ಮುರಿಯುತ್ತ ಅವಳ ಎದುರಿಗೇ ಕೂತೆ. ಕಬ್ಬಿಣ ಕೆಳಗಿಳಿದಾಗೊಮ್ಮೆ "ಶಿವಾ" ಎಂದೆ. ಮೊದಮೊದಲು ಅಂಜಿ ಬೀಸಿದಳು. ಕೋಲು ಚೆಂಡಿನ ನೆತ್ತಿ ಸವರಿತು, ಚೆಂಡು ಇಲಿಯಂತೆ ಹುಲ್ಲಲ್ಲಿ ಓಡಿತು. ಬರಬರುತ್ತ ಸಿಟ್ಟು ಇಳಿಯಿತು. ಅವಸರ ಬಿಟ್ಟಳು. ಕಸಬರಿಗೆಯಲ್ಲಿ ಅಂಗಳ ಗುಡಿಸಿದಂತೆ ಹುಲ್ಲಿನ ತುದಿಯನ್ನಷ್ಟೇ ಸವರಿಕೊಂಡು ಬಂತು ಕೋಲು. ಟಕ್ ಎಂದಿತು. ಚೆಂಡು ನೀರಿನ ಕಡೆಗೆ ಏರಿ, ಬೆಳ್ಳಕ್ಕಿಗಳನ್ನೆಬ್ಬಿಸಿ ಎಲ್ಲೋ ದೂರ ಇಳಿಯಿತು. "ಅವ್ವಾ, ಅದು ತಾನ ಎದ್ದಹೋತು" ಎಂದಳು.

ಮರುದಿನ ನಮ್ಮವರು ಅವಳನ್ನು ಕರೆದುಕೊಂಡು ಯಮಕನಮರಡಿಗೆ ಹೋಗಿ ಬೆಳಗಾವಿ ಬಸ್ಸು ಹತ್ತಿದರು. ಮಧ್ಯಾಹ್ನ ನಾನು ಬಟ್ಟೆ ಒಗೆದು ಹರವುವಾಗ ತಮ್ಮನ ಫೋನು. ಗಿರಿಜಾಳಿಗೇ ಜಾಗ ಸಿಕ್ಕಿತ್ತು. ಸಾಹೇಬರು ತಾವೇ ಫೋನು ಇಸಿದುಕೊಂಡು ಕೇಳಿದರು: "ಉದ್ದ ಕಬ್ಬಿಣ ಇಷ್ಟ ಹಗರ ಬೀಸೂದು ಮನ್ಯಾಗ ಅವ್ವನ ಕಲಿಸ್ಯಾಳ ಅಂದ್ಲರಿ ನಿಮ್ಮ ಮಗಳು. ಏನ ಹೇಳಿಕೊಟ್ರಿ? ಉಳಿದ ಹುಡುಗ್ಯಾರಿಗೂ ಹೇಳ್ತೇನಿ."

"ಸೋಮವಾರ ನೆಲಕ್ಕ ಕಬ್ಬಿಣ ಹಚ್ಚಬಾರ್ದರಿ" ಎಂದೆ.

ಸಾಹೇಬರು ಮತ್ತೆ ಕೇಳಿದರು: "ಉಳಿದ ದಿವಸ?"

"ಉಳಿದ ದಿವಸ ನಿಮ್ಮ ಮರ್ಜಿ ರಿ."

ಫೋನಿಟ್ಟ ಮೇಲೆ ಮಗಳು ಮನೆ ಬಿಟ್ಟು ಹೋಗುತ್ತಾಳೆಂದು ಕೈಯಲ್ಲಿದ್ದ ಬಟ್ಟೆಯನ್ನು ಎರಡೆರಡು ಸಲ ಹಿಂಡಿದೆ. ಬೆಳಗಾವಿ ಏನು ದೂರ, ಒಂದು ಬಸ್ಸಿನ ದಾರಿ ಎಂದುಕೊಂಡು ಅದನ್ನು ಹರವಿದೆ. ಅವಳು ಬಿಟ್ಟುಹೋದ ಇನ್ನೊಂದು ಹಳೆಯ ಕೋಲೂ ಒಂದು ಚೆಂಡೂ ಬಾಗಿಲ ಹಿಂದಿದ್ದವು. ಸಾಹೇಬರೇ ಕೇಳಿದ ವಿದ್ಯೆ, ನನ್ನ ಕೈಯಲ್ಲಿ ಹೇಗಿರುತ್ತದೋ ನೋಡೋಣವೆಂದು ಸೆರಗು ಸಿಕ್ಕಿಸಿ, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬೀಸಿದೆ. ಚೆಂಡು ಅಲ್ಲಾಡಲಿಲ್ಲ. ಬುಟ್ಟಿಯಷ್ಟು ಹಸಿಮಣ್ಣು ಎದ್ದು, ಹರವಿದ ನಮ್ಮವರ ಬಿಳಿ ಧೋತರದ ಮೇಲೆ ಹೋಗಿ ಕೂತಿತು. ಸದ್ಯ, ಅಂದು ಮಂಗಳವಾರ. ಧೋತರವನ್ನು ಬಕೆಟ್ಟಿಗೆ ಹಾಕಿ, ಸಾಬೂನು ಹುಡುಕಿ, ಮತ್ತೆ ಒಗೆಯುವ ಕಲ್ಲಿನ ಮುಂದೆ ಕೂತೆ.