ಹನ್ನೆರಡೂವರೆಯ ವೆಂಡೆಲ್ ಪರವಾಗಿ ರೇಟಿಂಗ್ ಮಹಾಶಯರಿಗೆ ಅಹವಾಲು

ತಗಡಿನ ಬೆಂಚುಗಳ ಮೇಲೆ ಕಂಬಳಿ ಹೊದ್ದು, ಫ್ಲಾಸ್ಕು ಹಿಡಿದು ಕುಳಿತಿರುವ ಕಾಟನ್‌ವುಡ್ ಬೆಂಡ್‌ನ ಮಹಾಜನರೇ, ತಾಯಂದಿರೇ, ಸದ್ದಡಗಲಿ! ಮೂವತ್ತೊಂದು ವರ್ಷ ಈ ಅಮೆರಿಕನ್ ಫುಟ್‌ಬಾಲ್ ಮೈದಾನದ ಮೈಕಿನಲ್ಲಿ ಗುಡುಗಿದ ನಾನು ಇಂದು ನಿಮ್ಮೆಲ್ಲರ ಸಾಕ್ಷಿಯಾಗಿ ಒಂದು ಪತ್ರ ಬರೆದಿದ್ದೇನೆ, ಕೇಳಿ!

ಮಾನ್ಯ ಕ್ವಾರ್ಟರ್‌ಬ್ಯಾಕ್ ರೇಟಿಂಗ್ ಮಹಾಶಯರೇ,

ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಅಂಕ ಹಾಕುವ ಸೂತ್ರವಾದ ತಮಗೆ ಸಾಷ್ಟಾಂಗ ಪ್ರಣಾಮಗಳು. ಪೂರ್ಣ ಅಂಕವೆಂದರೆ ನೂರು ಎಂದು ನಂಬಿಕೊಂಡಿದ್ದ ನಮ್ಮಂಥ ನೆಬ್ರಾಸ್ಕದ ಪಾಮರರಿಗೆ, ಅದು ನೂರೈವತ್ತೆಂಟು ಪಾಯಿಂಟ್ ಮೂರು ಎಂದು ತೋರಿಸಿಕೊಟ್ಟ ತಮ್ಮ ಜ್ಞಾನಕ್ಕೆ ಹ್ಯಾಟು ತೆಗೆದು ನಿಂತಿದ್ದೇನೆ; ಗಾಳಿ ಜೋರಾಗಿದೆ, ಬೇಗ ಮುಗಿಸುತ್ತೇನೆ.

ಕಳೆದ ಶನಿವಾರ ನಮ್ಮ ತಂಡದ ಚೆಂಡೆಸೆಯುವ ಧುರೀಣ, ಊರಿನ ಅಂಚೆಯಣ್ಣ ವೆಂಡೆಲ್ ಕ್ರುಪ್ಕಾ, ಹತ್ತು ಬಾರಿ ಚೆಂಡೆಸೆದು ನಾಲ್ಕನ್ನು ತಲುಪಿಸಿ, ಮೂರನ್ನು ಎದುರಾಳಿಗಳ ಪಾಲು ಮಾಡಿದ್ದು ನಿಜ. ಆದರೆ ಆ ಮೂರೂ ಚೆಂಡುಗಳು ಮೊದಲು ಅವನ್ನು ಹಿಡಿಯಬೇಕಾದ ನಮ್ಮ ಲೈಲ್ ಸ್ವೊಬೊಡನ ಅಂಗೈಗೇ ಬಂದು ಬಿದ್ದವು ಎಂಬುದು ಅಷ್ಟೇ ನಿಜ. ಚಿಲ್ಲಿ ಎಂಬ ಖಾರದ ಮಾಂಸದ ಸಾರಿನ ಜೊತೆ ಬೆಣ್ಣೆ, ಸಕ್ಕರೆ ಸುರಿದ ದಾಲ್ಚಿನ್ನಿ ರೋಲನ್ನು ತಿನ್ನುವುದು ಇಲ್ಲಿಯ ಧರ್ಮ. ಲೈಲ್ ಅದನ್ನು ಗೆರೆಯ ಪಕ್ಕದಲ್ಲಿ ನಿಂತೇ ಆಚರಿಸುತ್ತಾನೆ. ಬೆಣ್ಣೆ ಬಳಿದ ಬೆರಳಿನಿಂದ ಚೆಂಡು ಮೀನಿನಂತೆ ನುಣುಚಿ ಎದುರಾಳಿಯ ಎದೆಗೆ ಹೋಯಿತು. "ಲೇ ಲೈಲ್, ಕೈ ಒರೆಸ್ಕೊಳ್ಳೋ ಮಾರಾಯ!" ಎಂದು ಇಡೀ ಮೈದಾನ ಕೂಗಿದ್ದನ್ನು ತಾವೊಬ್ಬರೇ ಕೇಳಿಸಿಕೊಳ್ಳಲಿಲ್ಲ. ಪಾಪವನ್ನೆಲ್ಲ ವೆಂಡೆಲ್‌ನ ಹೆಸರಿಗೇ ಬರೆದಿರಿ.

ಅದೇ ವೆಂಡೆಲ್ ಊದಿದ ಮಂಡಿ ಹೊತ್ತುಕೊಂಡು ಎರಡು ಬಾರಿ ಚೆಂಡು ಹಿಡಿದು ತಾನೇ ಓಡಿ ಅಂಕದ ಗೆರೆ ದಾಟಿದ, ಪಂದ್ಯ ಗೆದ್ದೆವು. ಓಟವನ್ನು ತಾವು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ! ಧನ್ಯ! ಅವನಿಗೆ ದಯಪಾಲಿಸಿದ್ದು ಹನ್ನೆರಡೂವರೆ. ಕೊನೆಯಲ್ಲಿ ಅವನ ಬದಲು ಇಳಿದ ಗ್ಯಾರೆಟ್ ಟ್ವೀಟನ್, ನಿಯಮದ ಪ್ರಕಾರ ಪಂದ್ಯದ ಗಡಿಯಾರ ನಿಲ್ಲಿಸಲೆಂದು ಒಂದೇ ಒಂದು ಚೆಂಡನ್ನು ತನ್ನ ಕಾಲಬುಡಕ್ಕೆ ಬಡಿದು ಹೊರನಡೆದ. ಎದುರಾಳಿಗೆ ಚೆಂಡು ಕೊಡಲಿಲ್ಲವೆಂಬ ಪುಣ್ಯಕ್ಕೆ ಅವನಿಗೆ ಮೂವತ್ತೊಂಬತ್ತು ಪಾಯಿಂಟ್ ಆರು!

"ನೋಡ್ರಪ್ಪ, ಮೂರು ಪಟ್ಟು ವಾಸಿ! ನಾಳೆ ಗ್ಯಾರೆಟ್ಟೇ ಆಡ್ಲಿ," ಎಂದರು ನಮ್ಮ ಕೋಚ್ ಮೆರ್ಲ್ ಹಾಫ್‌ಮನ್, ಇಂದಿನ ಅಭ್ಯಾಸದ ಹೊತ್ತಿನಲ್ಲಿ ಅಂಕಗಳ ಕಾಗದ ಬೀಸುತ್ತಾ.

"ಹಾಗಾದ್ರೆ ನಮ್ಮನೆ ಬೇಲಿ ಗೂಟಾನೂ ಆಡಿಸ್ರೀ, ಅದೂ ಯಾರ ಕೈಗೂ ಚೆಂಡು ಕೊಟ್ಟಿಲ್ಲ," ಎಂದಳು ನನ್ನ ಹೆಂಡತಿ ಆರ್ಡಿತ್.

"ಬಿಡ್ರಣ್ಣ, ಲೈಲ್‌ಗೆ ಬೈಬೇಡಿ," ಎಂದಷ್ಟೇ ಹೇಳಿ ವೆಂಡೆಲ್ ತನ್ನ ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ. ಈ ಋತುವಿನ ಆಚೆಗೆ ಅವನ ಮಂಡಿ ಬಾಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ನಾಳೆಯದು ಅವನ ಕೊನೆಯ ಪಂದ್ಯ, ಮಹಾಶಯರೇ. ಅದನ್ನೂ ತಾವು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಬಲ್ಲೆ.

ಆದುದರಿಂದ ತಾವು ಒಮ್ಮೆ ದಶಾಂಶ ಬಿಂದುವನ್ನು ಮನೆಯಲ್ಲಿಟ್ಟು, ಕೈಕಾಲು ಮೂಡಿಸಿಕೊಂಡು ನಮ್ಮೂರಿಗೆ ದಯಮಾಡಿಸಬೇಕು. ನೂರಿಪ್ಪತ್ತು ಕಿಲೋ ತೂಕದ ಇಬ್ಬರು ಗೋಧಿ ರೈತರು ಮೈಮೇಲೆ ಬೀಳುತ್ತಿರುವಾಗ, ಲೈಲ್‌ನ ಬೆಣ್ಣೆಗೈಗೆ ಒಂದು ಚೆಂಡನ್ನು ಎಸೆದು ತೋರಿಸಬೇಕು. ತಾವು ಎದ್ದು ನಿಂತರೆ ದಾಲ್ಚಿನ್ನಿ ರೋಲು ನನ್ನ ಕಡೆಯಿಂದ.

ತಮ್ಮ ವಿಶ್ವಾಸಿ,
ಆರ್ವಿಲ್ ಸ್ಟಾಸ್ಟ್ನಿ
ಮೈಕಿನವನು

ತಾ.ಕ.: ಒಂದೇ ಒಂದು ಚೆಂಡನ್ನು ನೆಲಕ್ಕೆ ಬಡಿದವರೆಲ್ಲ ತಮ್ಮ ಪ್ರಕಾರ ಗ್ಯಾರೆಟ್‌ಗೆ ಸಮ, ವೆಂಡೆಲ್‌ಗಿಂತ ಮೂರು ಪಟ್ಟು ಮೇಲು. ಮಹಾಜನರೇ, ಕೇಳಿದಿರಲ್ಲ? ನಾಳೆ ಬೆಳಗ್ಗೆ ಎಂಟಕ್ಕೆ, ಕೋಚ್ ಬರುವ ಮೊದಲೇ, ಎಪ್ಪತ್ತೊಂದರ ನಾನು ಹೆಲ್ಮೆಟ್ ತೊಟ್ಟು ಸಾಲಿನ ಮುಂದೆ ನಿಲ್ಲುತ್ತೇನೆ. ನನ್ನ ಹಿಂದೆ ಆರ್ಡಿತ್, ಅವಳ ಹಿಂದೆ ಪಾದ್ರಿಗಳು, ಅವರ ಹಿಂದೆ ನೀವು ನಾನೂರು ಮಂದಿ. ಒಬ್ಬೊಬ್ಬರೂ ಒಂದೊಂದು ಬಡಿಯೋಣ. ಆಮೇಲೆ ಕೋಚ್ ಮೆರ್ಲ್ ಒಂದೋ ನಮ್ಮೆಲ್ಲರನ್ನೂ ಆಡಿಸಲಿ, ಇಲ್ಲವೇ ಬೆಂಚಿನ ಮೇಲಿರುವ ಆ ಹೆಲ್ಮೆಟ್ಟನ್ನು ಎತ್ತಿ ವೆಂಡೆಲ್‌ನ ಕೈಗೆ ಕೊಡಲಿ.